ಚಕ್ಕುಬಂದಿಯಲ್ಲಿ ಉಳಿದ ಓಣಿ

ಬಾಗಲಕೋಟೆಯ ಹಳೇ ಊರಿನಲ್ಲಿ ನಮ್ಮ ಅಜ್ಜನ ಮನೆ ಇದ್ದ ಜಾಗದಲ್ಲಿ ಈಗ ಹಿನ್ನೀರು ನಿಂತಿದೆ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.6 ಮೀಟರ್. ತಗ್ಗಿನ ಓಣಿಗಳವರು ಗಂಟುಮೂಟೆ ಕಟ್ಟಿ ನವನಗರಕ್ಕೆ ಬಂದರು. ಬಾಗಿಲು, ಕಂಬ, ತೊಲೆ ಕಿತ್ತು ತಂದವರು ಬಹಳ ಮಂದಿ. ನಮ್ಮವರು ಅವುಗಳ ಜೊತೆ ಒಂದು ಟ್ರಂಕು ಕಾಗದವನ್ನೂ ತಂದರು.

ಆ ಟ್ರಂಕಿನಲ್ಲಿರುವ ಖರೀದಿ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ. ಪೂರ್ವಕ್ಕೆ ಪತ್ತಾರರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಸಂದಿ, ದಕ್ಷಿಣಕ್ಕೆ ಸೇದುವ ಬಾವಿ. ಇರುವುದು ನಾಲ್ಕೇ ಸಾಲು. ಆದರೆ ಪತ್ತಾರರ ಪತ್ರದಲ್ಲಿ ಪಶ್ಚಿಮಕ್ಕೆ ನಮ್ಮ ಮನೆ ಇರಲೇಬೇಕಲ್ಲ? ಅವರ ಮನೆಗೆ ಹೋಗಿ ನೋಡಿದೆ. ನಮ್ಮ ಅಜ್ಜನ ಹೆಸರಿರಲಿಲ್ಲ, ಅಜ್ಜನಿಗೆ ಮನೆ ಮಾರಿದವರ ಹೆಸರಿತ್ತು. ಅಂದರೆ ಅವರ ಪತ್ರ ನಮ್ಮದಕ್ಕಿಂತ ಹಳೆಯದು! ಗಣಿತದಲ್ಲಿ ಇಂಥ ಜೋಡಣೆಗೆ ಗ್ರಾಫ್ ಎನ್ನುತ್ತಾರೆ: ಮನೆಯೊಂದು ಚುಕ್ಕೆ, ನೆರೆಹೊರೆಯೊಂದು ಗೆರೆ. ಪ್ರತಿ ಗೆರೆಗೂ ಎರಡು ಕಡೆಯಿಂದ ಸಾಕ್ಷಿ ಇರುವುದರಿಂದ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ. ಓಣಿಯವರೆಲ್ಲ ತಮ್ಮ ಪತ್ರ ತಂದು ಕೂಡಿಸಿದರೆ ನೀರಿನಡಿಯ ಓಣಿ ಮನೆ ಮನೆಯಾಗಿ ಎದ್ದು ಬರುತ್ತದೆ.

ತಾರೀಕಿದ್ದ ಮೂಲೆ ಹರಿದುಹೋಗಿದ್ದರೂ ದಾರಿಯುಂಟು. ತಲೆಬರಹದಲ್ಲಿ ‘ಜಿಲ್ಲೆ ಕಲಾದಗಿ’ ಎಂದಿದ್ದರೆ ಅದು ಸುಮಾರು 1885ಕ್ಕಿಂತ ಹಿಂದಿನದು. ಆಮೇಲೆ ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋಯಿತು. ಬಾಗಲಕೋಟೆಯೇ ಜಿಲ್ಲೆಯಾದದ್ದು 1997ರಲ್ಲಿ.

ಟ್ರಂಕು ತೆರೆದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಎಲ್ಲಕ್ಕಿಂತ ಹಳೆಯ, ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹದ) ಕಾಗದ ಬಟ್ಟೆಯಂತೆ ಮೆತ್ತಗಿದೆ. ಎಷ್ಟೋ ಕಾಲದ ಮೇಲೆ ಬರೆದ ಪತ್ರ ಮಾತ್ರ ಹಪ್ಪಳದಂತೆ ಮುರಿಯುತ್ತದೆ. ಹಳೆಯದು ಚಿಂದಿ ಬಟ್ಟೆಯಿಂದ ಕೈಯಲ್ಲಿ ಮಾಡಿದ ಕಾಗದ. ಅದರಲ್ಲಿ ನಾರಿನ ಮೂಲವಸ್ತುವಾದ ಸೆಲ್ಯುಲೋಸ್ ಸರಪಳಿಗಳು ಉದ್ದ, ಅದಕ್ಕೇ ಬೇಗ ಮುರಿಯುವುದಿಲ್ಲ. ಶಾಯಿ ಹರಡದಿರಲೆಂದು ಕಾಗದಕ್ಕೆ ರಾಳ ಮತ್ತು ಪಟಿಕ ಬೆರೆಸುವ ವಿಧಾನ 1807ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ಮುಂದೆ ಮರದ ತಿರುಳೂ ಬಂತು. ಪಟಿಕ ಗಾಳಿಯ ತೇವದೊಡನೆ ಸೇರಿ ಆಮ್ಲವಾಗುತ್ತದೆ, ಆಮ್ಲ ಸೆಲ್ಯುಲೋಸ್ ಸರಪಳಿಯನ್ನು ಕತ್ತರಿಸುತ್ತ ಹೋಗುತ್ತದೆ. ಮೊದಲು ಸೋಲುವುದು ಕಾಗದ ಮಡಿಸಿದ ಜಾಗ. ಸೆಖೆ ಹೆಚ್ಚಿದಷ್ಟೂ ಈ ಕತ್ತರಿಯ ವೇಗ ಹೆಚ್ಚು. ತಗಡಿನ ಮಾಡಿನ ಕೆಳಗೆ ಟ್ರಂಕು ಇಟ್ಟವರು ಇದನ್ನು ಗಮನಿಸಬೇಕು.

ಶಾಯಿಯ ಗುಣವೂ ಒಂದೊಂದಕ್ಕೆ ಒಂದೊಂದು. ಕಾಡಿಗೆಯಿಂದ ಮಾಡಿದ್ದು ಬರೀ ಇಂಗಾಲ, ಬಿಸಿಲಿಗೆ ಮಾಸುವುದಿಲ್ಲ, ಆದರೆ ನೀರು ತಾಗಿದರೆ ಕದಡಬಹುದು. ಅನ್ನಭೇದಿ ಎಂಬ ಕಬ್ಬಿಣದ ಲವಣಕ್ಕೆ ಅಳಲೆಕಾಯಿಯಂಥ ಒಗರು ಕಾಯಿಯ ರಸ ಬೆರೆಸಿದ ಶಾಯಿ ನಾರಿನೊಳಗೆ ಇಳಿದು ಕಚ್ಚಿಕೊಳ್ಳುತ್ತದೆ, ಕೊನೆಗೆ ತಾನು ಬರೆದ ಅಕ್ಷರದ ಜಾಗವನ್ನೇ ತಿಂದು ತೂತು ಮಾಡುತ್ತದೆ.

ಕೈಮುಗಿದು ಕೇಳುತ್ತೇನೆ, ಹಳೆಯ ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಕರಗಿದ ಪ್ಲಾಸ್ಟಿಕ್ ನಾರಿಗೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ಒಳಗಿನ ಆಮ್ಲವಂತೂ ತನ್ನ ಕೆಲಸ ನಿಲ್ಲಿಸುವುದಿಲ್ಲ. ಟೇಪು, ಪಿನ್ನು ಎರಡೂ ಬೇಡ. ಮಡಿಕೆ ಬಿಚ್ಚಿ, ಚಪ್ಪಟೆಯಾಗಿ, ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ತಂಪಾದ ಒಣ ಜಾಗದಲ್ಲಿಡಿ. ದಫ್ತರವನ್ನು ರುಮಾಲಿನಲ್ಲಿ ಕಟ್ಟುತ್ತಿದ್ದ ಕುಲಕರ್ಣಿಗಳ ರೂಢಿ ಒಳ್ಳೆಯದೇ ಇತ್ತು. ಹುಳುವಿಗೆ ಬಜೆಯ ತುಂಡು ಸಾಕು, ಕಾಗದಕ್ಕೆ ತಾಗದಂತೆ ಇಟ್ಟರಾಯಿತು.

ನಮ್ಮ ಮೋಡಿ ಕಾಗದದಲ್ಲಿ ಇನ್ನೂ ಎರಡು ಸಾಲು ಓದಲು ಬಂದಿಲ್ಲ. ಬಲ್ಲ ಹಿರಿಯರೊಬ್ಬರು ಧಾರವಾಡದಲ್ಲಿದ್ದಾರೆ. ಬರುವ ವಾರ ಅವರಲ್ಲಿಗೆ ಫೋಟೊ ಒಯ್ಯುತ್ತೇನೆ, ಕಾಗದ ಮನೆಯಲ್ಲೇ ಇರಲಿ.