ಊರೆಲ್ಲ ಆಪ್ತರಿದ್ದರೂ ಪ್ರವಾಸಿಗರು ಏಕೆ ಬರುತ್ತಿಲ್ಲ?

ಪ್ರಶ್ನೆ: ಕಾಸರಗೋಡಿನ ಉತ್ತರ ಭಾಗದ ಹಳ್ಳಿಯಲ್ಲಿ ಹೋಂಸ್ಟೇ ಆರಂಭಿಸಿದ್ದೇವೆ. ಅಡಿಕೆ ಹಾಳೆಯ ಟೋಪಿಯಾದ ಮುಟ್ಟಾಳೆ ಮಾಡುವವರು, ಯಕ್ಷಗಾನ ಕಲಾವಿದರು, ನೀರಿಗಾಗಿ ಸುರಂಗ ತೋಡುವವರು ಎಲ್ಲರೂ ಊರಲ್ಲಿದ್ದಾರೆ, ಎಲ್ಲರೂ ಬೇಕಾದವರೇ. ಆದರೂ ಬೇಕಲ ಕೋಟೆಗೆ ಬರುವವರು ಇತ್ತ ತಲೆ ಹಾಕುವುದಿಲ್ಲ. ಏಕೆ?

ಉತ್ತರ: ಬೇಕಾದವರ ಬಳಗದಲ್ಲಿ ಒಬ್ಬರಿಗೆ ತಿಳಿದದ್ದು ಎಲ್ಲರಿಗೂ ತಿಳಿದಿರುತ್ತದೆ. ಹೊಸ ಸುದ್ದಿ, ಹೊಸ ಗಿರಾಕಿ ಬರುವುದು ಮುಖಪರಿಚಯದವರಿಂದ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1973ರಲ್ಲೇ ಇದನ್ನು ವಿವರಿಸಿದರು: ದೂರದ ಪರಿಚಯಗಳೇ ಒಂದು ಗುಂಪನ್ನು ಇನ್ನೊಂದಕ್ಕೆ ಜೋಡಿಸುತ್ತವೆ. ಬೇಕಲದ ರೆಸಾರ್ಟುಗಳಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವವರು, ಮಂಗಳೂರು ವಿಮಾನ ನಿಲ್ದಾಣದ ಟ್ಯಾಕ್ಸಿ ಚಾಲಕರು ನಿಮ್ಮ ಊರಿನ ಹೆಸರು ಕೇಳಿದ್ದಾರೆಯೇ?

ನಮ್ಮ ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಕನ್ನಡ, ತುಳು ಆಡುವ ನಮ್ಮ ಮದುವೆ, ಆಸ್ಪತ್ರೆ, ವ್ಯಾಪಾರದ ನಂಟೆಲ್ಲ ಮಂಗಳೂರಿನತ್ತ ಹರಿಯುತ್ತದೆ. ಬೇಕಲದ ಪ್ರವಾಸೋದ್ಯಮ ನಡೆಯುವುದು ಮಲಯಾಳದಲ್ಲಿ. ಅಲ್ಲಿನ ಅಭಿವೃದ್ಧಿಗೆಂದೇ 1995ರಲ್ಲಿ ಪ್ರತ್ಯೇಕ ನಿಗಮ ಸ್ಥಾಪನೆಯಾಯಿತು. 2017ರಲ್ಲಿ ಆರಂಭವಾದ ಕೇರಳದ ಜವಾಬ್ದಾರಿ ಪ್ರವಾಸೋದ್ಯಮ ಮಿಷನ್ ಹಳ್ಳಿಯ ಕುಶಲಕರ್ಮಿಗಳನ್ನೂ ಮನೆಯಡುಗೆಯವರನ್ನೂ ಪ್ರವಾಸಿಗರಿಗೆ ಜೋಡಿಸುತ್ತದೆ. ಕನ್ನಡ, ಮಲಯಾಳ ಎರಡೂ ಬಲ್ಲ ಒಬ್ಬರು ನಿಮಗೆ ತುರ್ತಾಗಿ ಬೇಕು. ಊರಿನ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದಲ್ಲಿ ವಿಚಾರಿಸಿ. ಪಂಚಾಯತ್ ಕಚೇರಿಗೂ ಬ್ಯಾಂಕಿಗೂ ಓಡಾಡಿ ಪಳಗಿದ ಹೆಣ್ಣುಮಕ್ಕಳು ಅಲ್ಲಿ ಸಿಗುತ್ತಾರೆ. ಅವರ ಓಡಾಟಕ್ಕೆ ಸಂಬಳ ಕೊಡಿ. ಪುಕ್ಕಟೆ ದುಡಿಸಿಕೊಂಡರೆ ಕೆಲಸ ಹೆಚ್ಚು ದಿನ ಬಾಳದು.

ಬಂದವರಿಗೆ ಏನನ್ನು ಕೊಡುತ್ತೀರಿ ಎಂಬುದೂ ಮುಖ್ಯ. ಸೃಜನಶೀಲ ಪ್ರವಾಸೋದ್ಯಮದಲ್ಲಿ ಅತಿಥಿ ನೋಡುವುದಷ್ಟೇ ಅಲ್ಲ, ಕೈಯಾರೆ ಕಲಿಯುತ್ತಾನೆ. ಮುಟ್ಟಾಳೆಯನ್ನೇ ತೆಗೆದುಕೊಳ್ಳಿ. ಉದುರಿದ ಅಡಿಕೆ ಹಾಳೆಯನ್ನು ನೆನೆಸಿ, ಮೆತ್ತಗಾದ ಮೇಲೆ ಅಂಚು ಸವರಿ, ತಲೆಯ ಅಳತೆಗೆ ಮಡಚಿ ಹೊಲಿಯಬೇಕು. ಹೊಸಬರ ಕೈಯಲ್ಲಿ ಮಡಿಕೆ ಬಿಚ್ಚಿಕೊಳ್ಳುತ್ತದೆ, ಅವಸರಪಟ್ಟರೆ ಹಾಳೆ ಸೀಳುತ್ತದೆ. ಪಕ್ಕದಲ್ಲಿ ಕುಳಿತ ಹಿರಿಯರು ಹೆಬ್ಬೆರಳಿನಿಂದ ಒತ್ತಿ ಹಿಡಿದು ತೋರಿಸುವ ಆ ಒಂದು ಗಂಟೆಗೆ ಅಂಗಡಿಯ ಮುಟ್ಟಾಳೆಗಿಂತ ಹೆಚ್ಚು ಬೆಲೆಯಿದೆ. ಸುರಂಗದ ಬಾಯಿಯಲ್ಲಿ ನಿಂತು, ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಬಗೆಯನ್ನು ತೋಡಿದವರ ಬಾಯಿಂದಲೇ ಕೇಳಿಸಿ, ಒಳಗೆ ನುಗ್ಗಿಸಬೇಡಿ. ದೈವದ ಕೋಲವನ್ನಂತೂ ಅತಿಥಿಗಳ ವೇಳಾಪಟ್ಟಿಗೆ ಹೊಂದಿಸಲು ಹೋಗಲೇಬೇಡಿ. ಅದು ಊರಿನ ನಂಬಿಕೆ, ಮಾರುವ ಸರಕಲ್ಲ.

ಆಪ್ತರ ಬಲ ನಿಜವಾಗಿ ಬೇಕಾಗುವುದು ಹಣ ಹಂಚುವಾಗ. ಹೋಂಸ್ಟೇಯವರು ಕೋಣೆ ಬಾಡಿಗೆಯ ಜೊತೆ ಕಲಿಸಿದವರ ಶುಲ್ಕವನ್ನೂ ಇಟ್ಟುಕೊಂಡರೆಂಬ ಮಾತು ಹಬ್ಬಿದರೆ ಮರುಸಲ ಕರೆದಾಗ ಯಾರೂ ಬರುವುದಿಲ್ಲ. ಕಲಿಸಿದವರಿಗೆ, ಊಟ ಬಡಿಸಿದವರಿಗೆ, ಕರೆತಂದ ಚಾಲಕರಿಗೆ ಎಷ್ಟೆಷ್ಟು ಎಂಬುದನ್ನು ಮೊದಲೇ ಎಲ್ಲರೆದುರು ಬರೆದಿಡಿ. ಆಮೇಲೆ ಬೇಕಲದ ಕೆಲವು ಚಾಲಕರನ್ನೂ ಮಾರ್ಗದರ್ಶಕರನ್ನೂ ಒಂದು ಮಧ್ಯಾಹ್ನ ಊಟಕ್ಕೆ ಕರೆದು, ಅವರ ಕೈಯಿಂದಲೇ ಒಂದೊಂದು ಮುಟ್ಟಾಳೆ ಮಾಡಿಸಿ ಕಳುಹಿಸಿ.