ಸಿಹಿ ವೈನಿಗೆ ಲೀಟರಿಗೆ ಎಷ್ಟು ಸಕ್ಕರೆ ಹಾಕ್ತಾರೆ?

ಜತ್ತ, ಸಂಖ, ಉಮದಿ ಕಡೆಯ ದ್ರಾಕ್ಷಿ ಬೆಳೆಗಾರರಿಂದ ತಿರುತಿರುಗಿ ಬರುವ ಪ್ರಶ್ನೆ ಇದು. ಮೊನ್ನೆ ಮತ್ತೆ ಬಂತು: "ಸರ್, ಕೆನಡಾ, ಜರ್ಮನಿಯ ಆ ಸಿಹಿ ಐಸ್ ವೈನಿಗೆ ಸಕ್ಕರೆ ಎಷ್ಟು ಹಾಕ್ತಾರೆ?"

ಹಾಕೋದಿಲ್ರೀ. ಎಷ್ಟು ಸಲ ಹೇಳಲಿ?

ಎಪ್ರಿಲ್, ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿ ಚಾಟಣಿ ಮಾಡುವ ಮಂದಿ ನೀವು. ಬ್ರಿಕ್ಸ್ ಅಂದ್ರೆ ನೂರು ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ ಸಕ್ಕರೆ ಅನ್ನೋ ಲೆಕ್ಕ ಅಂತ ನಾನು ಹೇಳಬೇಕಾಗಿಲ್ಲ. ಒಂದು ಹನಿ ರಸ ಹಿಂಡಿ, ಮೀಟರನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡ್ತೀರಿ. 22 ತೋರಿಸ್ತು ಅನ್ನಿ. ಆ ರಸಕ್ಕೆ ಈಸ್ಟ್ ಬಿದ್ದರೆ ಅದು ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ತಿಂದರೆ 1 ಪರ್ಸೆಂಟ್ ಆಲ್ಕೋಹಾಲ್. ಪೂರ್ತಿ ತಿಂದು ಮುಗಿಸಿದರೆ 13 ಪರ್ಸೆಂಟಿನ ಹತ್ತಿರ ಬಂತು. ಸಿಹಿ ಅಲ್ಲಿಗೆ ಖಲಾಸ್.

ಹಾಗಾದರೆ ಸಿಹಿ ಉಳಿಯೋದು ಹೇಗೆ? ಈಸ್ಟಿಗೆ ತಿಂದು ಮುಗಿಸಲಾಗದಷ್ಟು ಸಕ್ಕರೆ ಹಣ್ಣಿನಲ್ಲೇ ಇರಬೇಕು. ಕೆನಡಾದ ನಯಾಗರಾ ಕಡೆ ಹಣ್ಣನ್ನು ಚಳಿಗಾಲದವರೆಗೆ ಬಳ್ಳಿಯಲ್ಲೇ ಬಿಡುತ್ತಾರೆ. ಮೈನಸ್ 8 ಡಿಗ್ರಿಗೆ ಇಳಿದ ಮೇಲೇ, ಹೆಚ್ಚಾಗಿ ರಾತ್ರಿ ಹೊತ್ತು, ಕೊಯ್ಲು. ಕಲ್ಲಿನಂತಾದ ಹಣ್ಣನ್ನು ಹಾಗೇ ಹಿಂಡುತ್ತಾರೆ. ನೀರು ಐಸಾಗಿ ಹಿಪ್ಪೆಯಲ್ಲಿ ಉಳಿಯುತ್ತದೆ, ಜೇನಿನಂಥ ರಸ ತೊಟ್ಟು ತೊಟ್ಟಾಗಿ ಬರುತ್ತದೆ. ಅದು ಕಡಿಮೆ ಅಂದರೂ 35 ಬ್ರಿಕ್ಸ್. ಅಷ್ಟು ಸಿಹಿಯಲ್ಲಿ ಈಸ್ಟಿಗೇ ಉಸಿರು ಕಟ್ಟುತ್ತದೆ. ಅವ್ವ ಮಾಡಿಟ್ಟ ಮಾವಿನಕಾಯಿ ಗುಳಂಬ ವರ್ಷವಾದರೂ ಹುಳಿಯೋದಿಲ್ಲ ಅಲ್ವಾ? ಅದೇ ಲೆಕ್ಕ. ಅರ್ಧ ದಾರಿಯಲ್ಲಿ ಈಸ್ಟ್ ಕೈಚೆಲ್ಲುತ್ತದೆ, ಮಿಕ್ಕ ಸಕ್ಕರೆ ನಿಮ್ಮ ಗ್ಲಾಸಿಗೆ.

"ಮಂಗಳೂರಿನ ನೆಂಟರ ಮನೆಯಲ್ಲಿ ಭರಣಿಗೆ ದ್ರಾಕ್ಷಿ, ಸಕ್ಕರೆ, ಗೋಧಿ ಹಾಕಿದ್ದನ್ನು ಕಣ್ಣಾರೆ ನೋಡೀನಿ" ಅನ್ನುತ್ತೀರಿ. ಸರಿ, ಅದು ಮನೆ ವೈನು. ಅಂಗಡಿಯ ಅಗ್ಗದ ಬಾಟಲಿಗೂ ಸಕ್ಕರೆ ಸುರಿಯುವವರಿದ್ದಾರೆ, ಇಲ್ಲ ಅನ್ನಲ್ಲ. ನಾನು ಹೇಳ್ತಿರೋದು ಅದರ ಮಾತಲ್ಲ.

ಇನ್ನೊಬ್ಬರು ಜಾಣರು. "ಯುರೋಪಿನಲ್ಲಿ ಸಕ್ಕರೆ ಹಾಕೋದಕ್ಕೆ ಹೆಸರೇ ಇದೆಯಲ್ಲ ಸರ್" ಅಂದರು. ಇದೆ. ಶಾಪ್ತಾಲೈಸೇಶನ್. 1801ರಲ್ಲಿ ಶಾಪ್ತಾಲ್ ಎಂಬ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಅದನ್ನು ಬರೆದು ಪ್ರಚಾರ ಮಾಡಿದ. ಆದರೆ ಯಾಕೆ ಹಾಕುತ್ತಾರೆ? ಚಳಿ ಜಾಸ್ತಿಯಾಗಿ ಹಣ್ಣು ಮಾಗದ ವರ್ಷ ಆಲ್ಕೋಹಾಲ್ ಏರಿಸೋಕೆ. ಹುದುಗುವ ಮೊದಲೇ ಹಾಕುವುದರಿಂದ ಆ ಸಕ್ಕರೆಯನ್ನೆಲ್ಲ ಈಸ್ಟ್ ತಿಂದುಬಿಡುತ್ತದೆ. ಸಕ್ಕರೆ ಹಾಕಿದ ಆ ವೈನು ಸಿಹಿಯಿರುವುದಿಲ್ಲ, ಸಿಹಿಯಿರುವ ಐಸ್ ವೈನಿಗೆ ಸಕ್ಕರೆ ಹಾಕಿರುವುದಿಲ್ಲ. ಜರ್ಮನಿಯಲ್ಲಂತೂ ಐಸ್ ವೈನಿಗೆ ಸಕ್ಕರೆ ಹಾಕೋದಕ್ಕೆ ಕಾನೂನೇ ಬಿಡೋದಿಲ್ಲ. ಈ ಒಂದು ಮಾತು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಲಿಕ್ಯೂರ್, ಅಂದರೆ ರುಚಿ ಸೇರಿಸಿ ಸಿಹಿ ಮಾಡಿದ ಮದ್ಯ, ಬೇರೆ ಜಾತಿ. ಅದಕ್ಕೆ ಸಕ್ಕರೆ ಹಾಕಲೇಬೇಕು. ಯುರೋಪಿನ ನಿಯಮದಲ್ಲಿ ಸಾಮಾನ್ಯವಾಗಿ ಲೀಟರಿಗೆ ಕನಿಷ್ಠ 100 ಗ್ರಾಂ ಸಿಹಿ. ಕಪ್ಪು ಕರಂಟ್ ಹಣ್ಣನ್ನು ಆಲ್ಕೋಹಾಲಿನಲ್ಲಿ ನೆನೆಸಿ ಮಾಡುವ ಕ್ರೆಮ್ ದ ಕಾಸಿಸ್‌ಗೆ 400 ಗ್ರಾಂ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದರಿಂದಲೇ ಇಷ್ಟೆಲ್ಲ ಗೊಂದಲ.

ಐಸ್ ವೈನಿನ ಅಷ್ಟು ಸಿಹಿ ಬಾಯಿಗೆ ಹೊಡೆಯೋದಿಲ್ಲವಾ? ಇಲ್ಲ, ಹುಳಿ ಇದೆಯಲ್ಲ. ನಮ್ಮ ಮಾರ್ಚ್ ಬಿಸಿಲಿಗೆ ದ್ರಾಕ್ಷಿಯ ಹುಳಿ ಕರಗಿಹೋಗುತ್ತದೆ. ಅಲ್ಲಿನ ತಂಪು ಅದನ್ನು ಕಾಯ್ದಿಡುತ್ತದೆ. ಹುಳಿಯಿಲ್ಲದಿದ್ದರೆ ಅದು ವೈನಲ್ಲ, ಕಾಕಂಬಿ.

ಸಿಹಿ ವೈನು ಇನ್ನೊಂದಿದೆ, ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಹಂಗೇರಿಯ ತೊಕಾಯ್‌ನಲ್ಲಿ ಹಣ್ಣಿಗೆ ಬೂಷ್ಟು ಬರಲಿ ಅಂತ ಕಾಯುತ್ತಾರೆ! ಬೋದ್ರೋಗ್, ತಿಸಾ ನದಿಗಳ ಮಂಜು ಬೆಳಿಗ್ಗೆ ಕವಿಯಬೇಕು, ಮಧ್ಯಾಹ್ನ ಬಿಸಿಲು ಬೀಳಬೇಕು. ಬೊಟ್ರೈಟಿಸ್ ಎಂಬ ಬೂಷ್ಟು ಸಿಪ್ಪೆಯಲ್ಲಿ ಸಣ್ಣ ತೂತು ಮಾಡುತ್ತದೆ, ನೀರು ಆರುತ್ತದೆ, ಹಣ್ಣು ಬಳ್ಳಿಯಲ್ಲೇ ಮುದುಡುತ್ತದೆ. ಅಂಥ ಹಣ್ಣನ್ನು ಒಂದೊಂದಾಗಿ ಕೈಯಲ್ಲಿ ಆರಿಸುತ್ತಾರೆ. ಮಳೆ ಹಿಡಿದರೆ ಮಾತ್ರ ಅದೇ ಬೂಷ್ಟು ಗೊನೆಯನ್ನೇ ಕೊಳೆಸಿಬಿಡುತ್ತದೆ.

ನಮ್ಮ ಕಾಕಾಗೆ ಫೋನಿನಲ್ಲಿ ಅದರ ಫೋಟೋ ತೋರಿಸಿದೆ. ಒಣದ್ರಾಕ್ಷಿ ಶೆಡ್ಡಿನ ಕಟ್ಟೆ ಮೇಲೆ ಕೂತಿದ್ದವರು ಚಷ್ಮಾ ಏರಿಸಿ, ಬೆರಳಲ್ಲಿ ಫೋಟೋ ದೊಡ್ಡದು ಮಾಡಿ, ಬೂದು ಹಿಡಿದ ಗೊನೆಯನ್ನು ಸುಮ್ನೆ ನೋಡಿದರು.

"ಇವರು ಔಷಧ ಹೊಡದು ಎಷ್ಟ್ ದಿನಾ ಆತೋ?"