ಬೂಮ್ ಮುರಿದದ್ದು ದೃಷ್ಟಿಯಿಂದಲ್ಲ

ಕೋಲಾರದ ಹತ್ತಿರ ಒಂದು ದ್ರಾಕ್ಷಿ ತೋಟ. ಕಲ್ಲುಕೂಚ ಇಳಿಸುತ್ತಿದ್ದ ಲಾರಿ ಕ್ರೇನಿನ ಬೂಮ್, ಅಂದರೆ ಭಾರ ಎತ್ತುವ ಉದ್ದ ತೋಳು, ಪಟ್ ಅಂತ ಮುರಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಎತ್ತಿದ್ದು ದಿನಾ ಎತ್ತುವಷ್ಟೇ ಭಾರ. ‘ಯಾರದೋ ಕಣ್ಣು ಬಿದ್ದಿದೆ’ ಅಂದರು. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಮುರಿದ ಕಡೆ ದಪ್ಪ ಪ್ಲೇಟ್ ಇಟ್ಟು ವೆಲ್ಡಿಂಗ್ ಮಾಡಿಸಿದರು. ನನಗೆ ನಿಂಬೆಹಣ್ಣಿಗಿಂತ ಆ ಪ್ಲೇಟಿನದೇ ಭಯ.

ಮುರಿದ ಜಾಗವನ್ನು ನೋಡಿದ್ದೆ. ಒಂದು ಭಾಗ ನುಣುಪಾಗಿ ತುಕ್ಕು ಹಿಡಿದಿತ್ತು, ಉಳಿದದ್ದು ಒರಟಾಗಿ ಹೊಳೆಯುತ್ತಿತ್ತು. ಬಿರುಕು ಬಹಳ ದಿನದಿಂದ ಬೆಳೆಯುತ್ತಿತ್ತು, ಅವತ್ತು ಮುಗಿಯಿತು ಅಷ್ಟೇ. ಬೈಂಡಿಂಗ್ ತಂತಿಯನ್ನು ಎಳೆದರೆ ತುಂಡಾಗುವುದಿಲ್ಲ, ಆಚೆ ಈಚೆ ಬಗ್ಗಿಸಿದರೆ ಆಗುತ್ತದೆ, ಅಲ್ವಾ? ಒಂದೊಂದು ಸಲ ಭಾರ ಎತ್ತಿ ಇಳಿಸಿದಾಗಲೂ ಬೂಮ್ ಹಾಗೇ ಸ್ವಲ್ಪ ಬಗ್ಗಿ ಏಳುತ್ತದೆ. ಇದು ಲೋಹದ ದಣಿವು.

ಇದನ್ನು ಮೊದಲು ಪರೀಕ್ಷಿಸಿ ನೋಡಿದ್ದು ಗಣಿಯವರು. ಜರ್ಮನಿಯ ವಿಲ್ಹೆಲ್ಮ್ ಆಲ್ಬರ್ಟ್ ಗಣಿಯ ಸರಪಳಿಗಳಿಗೆ ಮತ್ತೆ ಮತ್ತೆ ಭಾರ ಕೊಟ್ಟು ನೋಡಿ, 1837ರಲ್ಲಿ ಫಲಿತಾಂಶ ಪ್ರಕಟಿಸಿದ. ಸರಪಳಿಯ ಬದಲು ತಂತಿ ಹಗ್ಗ ಹೊಸೆದದ್ದೂ ಅವನೇ, 1834ರಲ್ಲಿ. ನಮ್ಮ ಕೆಜಿಎಫ್‌ನಲ್ಲಿ ಜನ ನೆಲದಾಳಕ್ಕೆ ಇಳಿದದ್ದು ಅಂಥ ತಂತಿ ಹಗ್ಗವನ್ನು ನಂಬಿಯೇ.

ದಣಿವು ಶುರುವಾಗುವುದು ಹೆಚ್ಚಾಗಿ ವೆಲ್ಡಿಂಗ್ ಅಂಚಿನಲ್ಲಿ. ಬಟ್ಟೆ ಅಂಗಡಿಯವರು ಕತ್ತರಿಯಿಂದ ಅಂಚನ್ನು ಚೂರು ಕತ್ತರಿಸಿ ಎಳೆಯುತ್ತಾರೆ, ಸರ್ರನೆ ಹರಿಯುತ್ತದೆ. ಕಾಲುವೆಗೆ ಕಲ್ಲು ಅಡ್ಡ ಬಿದ್ದರೆ ನೀರೆಲ್ಲ ಪಕ್ಕದ ಸಂದಿಯಲ್ಲಿ ನುಗ್ಗುತ್ತದೆ. ಎಳೆತವೂ ವೆಲ್ಡಿಂಗ್ ಅಂಚಿನಲ್ಲಿ ಹೀಗೇ ಒತ್ತಟ್ಟಿಗೆ ಸೇರುತ್ತದೆ. ದಪ್ಪ ಪ್ಲೇಟು ಥಟ್ಟನೆ ಮುಗಿಯುವ ಕಡೆ ಅಂಥದೇ ಹೊಸ ಅಂಚು ಹುಟ್ಟಿತು. ‘ಗಟ್ಟಿ ಉಕ್ಕು ಹಾಕಿದರೆ ಸಾಕು’ ಅನ್ನುವುದೂ ತಪ್ಪು. ಗಟ್ಟಿ ಉಕ್ಕಿನಿಂದ ಬೂಮ್ ಹಗುರವಾಗುತ್ತದೆ, ತುದಿಯಲ್ಲಿ ಉಳಿಸಿದ ಒಂದೊಂದು ಕಿಲೋಗೂ ಒಂದು ಕಿಲೋ ಕಲ್ಲು ಜಾಸ್ತಿ ಎತ್ತಬಹುದು. ಆದರೆ ವೆಲ್ಡಿಂಗಿನ ಆಯಸ್ಸು ಅದರಿಂದ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ. ಅಲ್ಲಿಯ ಎಳೆತ ಅರ್ಧವಾದರೆ ಮಾತ್ರ ಆಯಸ್ಸು ಸುಮಾರು 8 ಪಟ್ಟಾಗುತ್ತದೆ!

ಹಾಗಾದರೆ ವೆಲ್ಡಿಂಗನ್ನೇ ಜಾಗ ಬದಲಿಸಿದರೆ? ಭಾರ ಎತ್ತಿದಾಗ ಬೂಮಿನ ಮೇಲ್ಭಾಗ ಹಿಗ್ಗುತ್ತದೆ, ಕೆಳಭಾಗ ಕುಗ್ಗುತ್ತದೆ, ನಡುಭಾಗ ಆರಾಮಾಗಿರುತ್ತದೆ. ನಾಲ್ಕು ಪ್ಲೇಟಿನ ಪೆಟ್ಟಿಗೆ ಬೂಮಿನಲ್ಲಿ ವೆಲ್ಡಿಂಗ್ ಇರುವುದು ನಾಲ್ಕು ಮೂಲೆಗೆ, ಅಂದರೆ ಹೆಚ್ಚು ಕಷ್ಟಪಡುವ ಕಡೆಗೇ. ಅದರ ಬದಲು ಪ್ಲೇಟನ್ನು ಆರು ಮೂಲೆಯಾಗಿ ಬಗ್ಗಿಸಿ, ಪಕ್ಕದ ನಡುವಿನಲ್ಲಿ ಬೆಸೆಯುತ್ತಾರೆ. ಮಡಿಕೆಗಳಿಂದ ಇನ್ನೊಂದು ಲಾಭ: ಚಾವಣಿಯ ಅಲೆ ತಗಡಿನ ಹಾಗೆ ತೆಳು ಪ್ಲೇಟೂ ಸುಲಭವಾಗಿ ಸೊಟ್ಟಗಾಗುವುದಿಲ್ಲ. ಎಷ್ಟು ಚೆಂದದ ಉಪಾಯ!

ಬೂಮನ್ನು ಎತ್ತಿ ಇಳಿಸುವ ಎಣ್ಣೆಯ ವಾಲ್ವೂ ನಯವಾಗಿ ತೆರೆದು ಮುಚ್ಚಬೇಕು. ಥಟ್ಟನೆ ಹೇರಿದ ಭಾರ ಎರಡು ಪಟ್ಟು ಭಾರದಷ್ಟು ಎಳೆಯಬಲ್ಲದು.

ಆಯುಧ ಪೂಜೆಗೆ ಲಾರಿ ತೊಳೆಯುತ್ತೀರಲ್ಲ, ಆಗ ವೆಲ್ಡಿಂಗ್ ಮೇಲಿನ ಬಣ್ಣ ಕೆರೆದು ಸೀಮೆಎಣ್ಣೆ ಹಚ್ಚಿ. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಾಯಿ ಬಿಟ್ಟ ಬಿರುಕಿದ್ದರೆ ಬಿಳಿ ಪುಡಿಯ ಮೇಲೆ ಎಣ್ಣೆಯ ಗೆರೆ ಮೂಡುತ್ತದೆ. ಗೆರೆ ಕಂಡರೆ ಆ ಬೂಮಿನಿಂದ ಒಂದು ಕಲ್ಲನ್ನೂ ಎತ್ತಬೇಡಿ.